ಮುತ್ಯಾ ಕೇಳಿದ್ದು

ನನ್ನ ಮಗಳಿಗೆ ಸಾಲಿಗೆ ಹೋಗುವಾಗ ಎರಡು ಜಡೆ ಹಾಕುತ್ತಿದ್ದವರು ನನ್ನ ಮಾವನವರು. ಹೇಳಿದರೆ ಯಾರೂ ನಂಬುವುದಿಲ್ಲ. ಅರ್ಧ ಆಯುಷ್ಯ ಫೌಜಿನಲ್ಲಿ ಕಳೆದು ಹವಾಲ್ದಾರರಾಗಿ ಮರಳಿದ ಮನುಷ್ಯ, ಬೆಳಗಿನ ಬಿಸಿಲಿನಲ್ಲಿ ಬಾಗಿಲ ಬಳಿ ಮಣೆ ಹಾಕಿಕೊಂಡು, ತುಟಿಗಳ ನಡುವೆ ಕೆಂಪು ರಿಬ್ಬನ್ ಕಚ್ಚಿಕೊಂಡು, ಮೊಮ್ಮಗಳ ಕೂದಲನ್ನು ಮೂರು ಪಾಲು ಮಾಡುತ್ತ ಕೂತಿರುತ್ತಿದ್ದರು. ಡೇರೆಯ ಹಗ್ಗ ಬಿಗಿದು ರೂಢಿಯಾದ ಬೆರಳುಗಳು. ಸಂಜೆ ಅವಳು ಮಣ್ಣಾಡಿ ಬಂದರೂ ಜಡೆಯ ಒಂದೆಳೆ ಸಡಿಲವಾಗಿರುತ್ತಿರಲಿಲ್ಲ. ಕಣ್ಣಿನ ಹುಬ್ಬು ಮಾತ್ರ ಸ್ವಲ್ಪ ಮೇಲಕ್ಕೆ ಎಳೆದುಕೊಂಡಿರುತ್ತಿತ್ತು. ಗೆಳತಿಯರು ಅದಕ್ಕೆ ‘ಮಿಲ್ಟ್ರಿ ಜಡೆ’ ಎಂದು ಹೆಸರಿಟ್ಟಿದ್ದರು.

ಸಾಲಿ ಬಿಡುವ ಹೊತ್ತಿಗೂ ಅವರೇ ಹೋಗುತ್ತಿದ್ದರು. ಉಳಿದ ಅಜ್ಜಂದಿರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರೆ ಇವರು ಬೇವಿನ ಮರದ ಕೆಳಗೆ ಕೊಡೆ ಬಗಲಲ್ಲಿಟ್ಟುಕೊಂಡು ನೆಟ್ಟಗೆ ನಿಂತಿರುತ್ತಿದ್ದರು. ಸಾಲಿಯ ಕಾವಲುಗಾರ ಕುರ್ಚಿ ತಂದುಕೊಟ್ಟರೂ ಕೂರುತ್ತಿರಲಿಲ್ಲವಂತೆ. ಅಕ್ಕಪಕ್ಕದವರು ಬಂದು ನನಗೆ ಹೇಳುತ್ತಿದ್ದರು.

ಅಕ್ಕಲಕೋಟೆ ಕಡೆಯ ಹೊಲಮನೆಯವರು ನಾವು. ನನ್ನ ಗಂಡ ಸೊಲ್ಲಾಪುರಕ್ಕೆ ಬಂದು ಚಾದರದ ಅಂಗಡಿ ಹಾಕಿದ ಮೇಲೆ ವಿಜಾಪುರ ರಸ್ತೆಯಲ್ಲಿ ಮನೆ ಆಯಿತು. ಅಂಗಡಿ ಮರಾಠಿ, ಓಣಿ ಮರಾಠಿ, ಮಗಳ ಸಾಲಿಯೂ ಮರಾಠಿ. ಅವಳ ಬಾಯಲ್ಲಿ ಕನ್ನಡವೆಂದರೆ ಅಜ್ಜನನ್ನು ಕರೆಯುವ ‘ಮುತ್ಯಾ’ ಒಂದೇ. ನಾನು ಆಡುವ ‘ಊಟಕ್ಕ ಬಾ’, ‘ತಡಿ’, ‘ದೀಪಾ ಆರಸು’ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. ಮಾವನವರಿಗೆ ಇದರ ಬೇಸರವಿರಲಿಲ್ಲ. ಯಾವ ಯಾವ ಸೀಮೆಯವರ ಜೊತೆಗೋ ಬದುಕಿ ಬಂದವರು. ಮೊಮ್ಮಗಳ ಜೊತೆ ಮರಾಠಿ, ಹಾಲಿನವನ ಜೊತೆ ಫೌಜಿನ ಹಿಂದಿ, ನನ್ನ ಜೊತೆ ಕನ್ನಡ.

ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ನಾನು ವಿಜಾಪುರದ ಕಾನ್ವೆಂಟಿನಲ್ಲಿ ಕಲಿತವಳು, ಮೆಲ್ಲಗೆ ಮಾತಾಡುವವಳು. ಅವರೂ ಮಾತು ಉಳಿಸಿ ಖರ್ಚು ಮಾಡುವವರು. ಆದರೂ ಚಹಾದ ಹೊತ್ತಿಗೆ ಒಂದೆರಡು ಮಾತು ಆಗೇ ಆಗುತ್ತಿದ್ದವು.

“ಏನ್ ಯವ್ವಾ, ಇವತ್ತ ಸಕ್ಕರಿ ರಜಾದ ಮ್ಯಾಲ ಹೋಗ್ಯಾದೇನ?”

“ಹೌದ್ರಿ ಮಾಮಾ. ಡಾಕ್ಟರೇ ಮಂಜೂರ್ ಮಾಡ್ಯಾರ್ರಿ.”

“ಅವನೌನ, ನನ್ನ ರಜಾ ಹಿಂಗ ಲಗೂನ ಒಬ್ಬಾಂವರ ಮಂಜೂರ್ ಮಾಡಿದ್ನೇನ?” ಎಂದು ಬಸಿಯಲ್ಲಿ ಸುರಿದ ಚಹಾ ಊದಿ ಊದಿ ಕುಡಿಯುತ್ತಿದ್ದರು.

ಮಗಳು ಕಾಲೇಜಿಗೆಂದು ಪುಣೆಗೆ ಹೋದಳು. ಆ ಚಳಿಗಾಲದಲ್ಲಿ ಮಾವನವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಬಾಯಿಯ ಒಂದು ಬದಿ ಹೋದವು. ಹಿಂದಿ ಹೋಯಿತು, ಮರಾಠಿ ಹೋಯಿತು. ಡಾಕ್ಟರು, ಹಾಗಾಗುವುದುಂಟು, ಹುಟ್ಟಿದ ಭಾಷೆ ಕೆಲವೊಮ್ಮೆ ಉಳಿಯುತ್ತದೆ ಎಂದರು. ಉಳಿದದ್ದೂ ಅಷ್ಟಕ್ಕಷ್ಟೇ. ನೀರು, ಸಾಕು, ಯವ್ವಾ. ಅದೂ ತೊದಲಿ ತೊದಲಿ.

ಸುದ್ದಿ ತಿಳಿದು ಮಗಳು ಓಡಿ ಬಂದಳು. ಮಂಚದ ಅಂಚಿನಲ್ಲಿ ಕೂತು, ಹಾಸ್ಟೆಲಿನ ಊಟ, ಗೆಳತಿಯರ ಜಗಳ ಎಲ್ಲ ಮರಾಠಿಯಲ್ಲಿ ಹೇಳಿದಳು. ಅವರು ಕಣ್ಣು ಮಿಟುಕಿಸದೆ ನೋಡುತ್ತ ಮಲಗಿದ್ದರು. ಕೊನೆಗೆ ಅವಳು ಎದ್ದು, “ಯೇತೆ ಮುತ್ಯಾ”, ಹೋಗಿ ಬರುತ್ತೇನೆ, ಎಂದಾಗ ಅವರ ಬಾಯಿ ಅಲುಗಿತು.

“ಕಾಯ್.”

ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’. ಕೇಳಿಸಲಿಲ್ಲವೇನೋ ಎಂದು ಅವಳು ಬಗ್ಗಿ ಇನ್ನೊಮ್ಮೆ ಹೇಳಿದಳು.

“ಕಾಯ್.”

ಅವಳು ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು. ಅವರು ಮತ್ತೆ ಅದನ್ನೇ ಅಂದರು. ಆಮೇಲೆ ಅವಳು ಅಡುಗೆಮನೆಗೆ ಬಂದು ನೀರಿನ ಹಂಡೆಯ ಪಕ್ಕ ನಿಂತು ಅತ್ತಳು. ಮುತ್ಯಾನಿಗೆ ನನ್ನ ಗುರುತೇ ಹತ್ತುತ್ತಿಲ್ಲ, ಯಾರೋ ಪರಕೀಯಳನ್ನು ಕೇಳಿದ ಹಾಗೆ ಏನು, ಏನು ಎನ್ನುತ್ತಾರೆ ಎಂದಳು.

ನನ್ನ ಗಂಡ ಕಿವಿಯದೇ ದೋಷ ಎಂದು ತೀರ್ಮಾನಿಸಿ ಕಿವಿಗೆ ಹಾಕುವ ಯಂತ್ರ ತಂದರು. ಮಾವನವರು ಎಡಗೈಯಿಂದ ಅದನ್ನು ಕಿತ್ತು ದಿಂಬಿನ ಕೆಳಗೆ ನೂಕುತ್ತಿದ್ದರು. ನನಗೂ ಬೇರೇನೂ ಹೊಳೆಯಲಿಲ್ಲ, ಹೋದ ಮರಾಠಿಯಲ್ಲಿ ಅದೊಂದು ಮಾತು ಉಳಿದಿರಬೇಕು ಎಂದುಕೊಂಡೆ. ಮೊಮ್ಮಗಳ ಜೊತೆ ಅವರು ಎಂದೂ ಮರಾಠಿ ಬಿಟ್ಟು ಆಡಿದವರಲ್ಲ. ಲಕ್ವಾ ಹೊಡೆದ ಮೇಲೆ ನನ್ನೆದುರು ಆ ಮಾತನ್ನು ಅವರು ಒಮ್ಮೆಯೂ ಆಡಿರಲಿಲ್ಲ. ಆಡುವ ಕಾರಣವಾದರೂ ಏನಿತ್ತು, ನಾನು ಎಲ್ಲಿಗೂ ಹೋಗುವವಳಲ್ಲ.

ಮುಂದೆ ಮಗಳು ಊರಿಗೆ ಬಂದರೂ ಅವರ ಕೋಣೆಗೆ ಹೋಗುವುದು ಕಡಿಮೆಯಾಯಿತು. ಹೋದರೂ ನಿಂತಲ್ಲೇ ನಿಂತು, ಹಣೆ ಮುಟ್ಟಿ, ಹೊರಗೆ ಬಂದುಬಿಡುತ್ತಿದ್ದಳು. ಪರದೆ ಅಲುಗಿದಾಗೆಲ್ಲ ಅವರ ಕಣ್ಣು ಅತ್ತ ಹೊರಳುತ್ತಿತ್ತು. ನಾನು ಗಂಜಿ ಹಿಡಿದು ಒಳಗೆ ಹೋದರೆ, ನಾನೆಂದು ಗೊತ್ತಾಗಿ ಮತ್ತೆ ಗೋಡೆಯ ಕಡೆ ತಿರುಗುತ್ತಿತ್ತು. ಹೀಗೇ ಆದರೆ ಒಂದು ದಿನ ಇವರು ಗೋಡೆ ನೋಡುತ್ತಲೇ ಹೋಗಿಬಿಡುತ್ತಾರೆ, ಅವಳು ಮುತ್ಯಾ ನನ್ನನ್ನು ಮರೆತೇ ಹೋದ ಎಂದುಕೊಂಡೇ ಉಳಿಯುತ್ತಾಳೆ ಎಂದು ನನಗೆ ಹೆದರಿಕೆಯಾಗುತ್ತಿತ್ತು. ಯಾರಿಗೆ ಹೇಳುವುದು? ಗಂಡ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ದಣಿದು ಹೋಗಿರುತ್ತಿದ್ದರು.

ಬೇಸಿಗೆಯ ರಜೆಯಲ್ಲಿ ಮಗಳು ಬಂದಿದ್ದಳು. ನಾನು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಗೋದಿ ಹಾಲಿನ ಕುರಡಿ ಒತ್ತುತ್ತಿದ್ದೆ. ಸಂಡಿಗೆಯ ಹಾಗೆ ಇದಕ್ಕೂ ಕಡಕ್ ಬಿಸಿಲು ಬೇಕು. ಎದುರಿನ ಕಟ್ಟಡದ ಪಾರಿವಾಳಗಳು ಆಗಲೇ ಕತ್ತು ಉದ್ದ ಮಾಡಿದ್ದವು. ಕೆಳಗಿನಿಂದ ಇನ್ನೊಂದು ಪಾತ್ರೆ ಹಿಟ್ಟು ತರಬೇಕಿತ್ತು.

“ನಾ ಕೆಳಗ ಹೋಗಿ ಬರ್ತೀನಿ. ನೀ ಇಲ್ಲೇ ಕೂತ ಕಾಯ್,” ಅಂದೆ.

ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. “ಕಾಯ್?”

“ಕಾಯ್ ಅಂದೆ.”

“ಅಗ ಮಮ್ಮಿ, ತೇಚ್ ವಿಚಾರತೆಯ್, ಕಾಯ್?” ಅದನ್ನೇ ಕೇಳುತ್ತಿದ್ದೇನೆ, ಏನು ಎಂದು ಅವಳು ರೇಗಿದಳು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಅವಳಿಗೆ ನಾನು ‘ತಡಿ’ ಅಂದಿದ್ದೆ, ‘ನಿಲ್ಲು’ ಅಂದಿದ್ದೆ. ಇಷ್ಟು ವರ್ಷದಲ್ಲಿ ‘ಕಾಯ್’ ಎಂದು ಒಮ್ಮೆಯೂ ಅಂದಿರಲಿಲ್ಲ. ಅಂದು ಬಾಯಿಗೆ ಬಂದದ್ದು ಕುರಡಿಯ ದೆಸೆಯಿಂದ. ಹೊಲ, ದನ, ಒಣಹಾಕಿದ ಕಾಳು, ಇವನ್ನೆಲ್ಲ ನಾವು ಕಾಯುವುದೇ. ಮಾವನವರು ಫೌಜಿಗೆ ಹೋದಾಗ ಊರಿನವರು ‘ಗಡಿ ಕಾಯಾಕ ಹೋಗ್ಯಾನ’ ಎನ್ನುತ್ತಿದ್ದರಂತೆ. ಮಗಳ ಸಾಲಿಯಿಂದ ತಡವಾಗಿ ಬಂದ ದಿನ ಅವರೇ ನನಗೆ, ‘ಇಷ್ಟೊತ್ತನಾ ಕಾಯ್ಕೋತ ನಿಂತಿದ್ದೆ ಯವ್ವಾ’ ಎನ್ನುತ್ತಿದ್ದರು. ಬಂದೂಕು ಹಿಡಿದು ನಿಲ್ಲುವುದಕ್ಕೂ ಬೇವಿನ ಮರದ ಕೆಳಗೆ ನಿಲ್ಲುವುದಕ್ಕೂ ನಮ್ಮಲ್ಲಿ ಇರುವುದು ಒಂದೇ ಮಾತು.

“ಮುತ್ಯಾ ಮರಾಠಿ ಆಡಾಕತ್ತಿಲ್ಲ,” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. “ಅದು ಕನ್ನಡ. ಹೋಗಬ್ಯಾಡ, ಸ್ವಲ್ಪ ನನ್ನ ಹಂತ್ಯಾಕ ಇರು ಅನ್ನಾಕತ್ತಾರ ನಿನಗ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬರಿಗಾಲಿನಲ್ಲಿ ಮೆಟ್ಟಿಲಿಳಿದು ಓಡಿದಳು. ಹಿಟ್ಟಿನ ಕೈಯಲ್ಲೇ ನಾನೂ ಹಿಂದೆ ಹೋದೆ.

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಅವರ ಎಡಗೈ ಹಿಡಿದುಕೊಂಡಿದ್ದಳು. ಹೇಗೆ ಹೇಳಬೇಕು ಎಂದು ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳಿದಳು. ನಾನು ಹೇಳಿಕೊಟ್ಟೆ. ಅವಳು ಅಷ್ಟರಲ್ಲೇ ಅದನ್ನು ಕೆಡಿಸಿದಳು.

“ಮುತ್ಯಾ, ನಾ ಕಾಯ್ತಾಳ.”

ಮಾವನವರ ಬಾಯಿಯ ಬದುಕಿದ್ದ ಬದಿ ಮೇಲಕ್ಕೆ ಎಳೆದುಕೊಂಡಿತು. ಗಂಟಲಿನಿಂದ ಗುರ್ ಎಂಬ ಸದ್ದು ಬಂತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು.

“ಕಾಯ್ತೀನಿ ಅನಬೇಕ, ಹುಚ್ಚಿ,” ಅಂದೆ.

“ಕಾಯ್ತಾನಿ.”

ಅವರು ಇನ್ನಷ್ಟು ನಕ್ಕರು. ತುಟಿಯ ಅಂಚಿನಿಂದ ಇಳಿದ ಜೊಲ್ಲನ್ನು ಅವಳು ತನ್ನ ಓಡಣಿಯಿಂದಲೇ ಒರೆಸಿದಳು. ಮಾಳಿಗೆಯ ಮೇಲೆ ಪಾರಿವಾಳಗಳು ಅರ್ಧ ಕುರಡಿ ಮುಗಿಸಿದ್ದವು. ರಾತ್ರಿ ಗಂಡ, “ಈ ವರ್ಷ ಹಕ್ಕಿಗೋಳಿಗೆ ಅನ್ನಸಂತರ್ಪಣೆ ಇಟ್ಟಿದ್ದೇನ?” ಎಂದು ಕೆಣಕಿದರು. ಉಂಡಾದ ಮೇಲೆ ತಂದೆಯ ಕೋಣೆಗೆ ಹೋಗಿ ಬಹಳ ಹೊತ್ತು ಕೂತರು.

ರಜೆ ಮುಗಿಯುವವರೆಗೂ ಮಗಳ ಹಾಸಿಗೆ ಆ ಕೋಣೆಯಲ್ಲೇ ಇತ್ತು. ಹೊರಡುವ ದಿನ ಅವಳು ಮತ್ತೆ ಯಾವಾಗ ಬರುತ್ತೇನೆಂದು ಹೇಳಿ, ಅವರು ‘ಹೂಂ’ ಅಂದ ಮೇಲೆಯೇ ಎದ್ದಳು.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಮಾವನವರು ತೀರಿಕೊಂಡರು. ಅಂತ್ಯಕ್ರಿಯೆ ಊರಿನ ಹೊಲದಲ್ಲೇ ಆಗಬೇಕೆಂದು ಅವರನ್ನು ಊರಿಗೆ ಒಯ್ದೆವು. ಪುಣೆಯಿಂದ ಹೊರಟ ಮಗಳ ಬಸ್ಸು ದಾರಿಯಲ್ಲಿ ಕೆಟ್ಟಿತು. ಇತ್ತ ಬಿಸಿಲು ಇಳಿಯತೊಡಗಿತು.

“ಹುಡಿಗಿ ಬರೂತನಾ ಹೊತ್ತ ನಿಲ್ತದೇನು? ಎತ್ರಿ ಇನ್ನ,” ಎಂದರು ಮಾವನವರ ತಮ್ಮ. ಊರಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಮದುವೆಯಾದಂದಿನಿಂದ ನಾನು ಅವರೆದುರು ಸೆರಗು ಹೊದ್ದು, ‘ಹೌದ್ರಿ’ ಅಂದದ್ದಷ್ಟೇ ಗೊತ್ತು.

ಹೆಣ್ಣುಮಕ್ಕಳ ನಡುವಿನಿಂದ ಎದ್ದು ಬಂದೆ. “ಬ್ಯಾಡ್ರಿ ಕಾಕಾ. ಅಕಿ ದಾರ್ಯಾಗ ವಳಸಂಗ ದಾಟ್ಯಾಳ್ರಿ. ಅಕಿ ಬಂದ ಮ್ಯಾಲೆ ಎತ್ರಿ.”

ಕಾಕಾ ನನ್ನ ಗಂಡನ ಕಡೆ ನೋಡಿದರು. ಗಂಡ ತಂದೆಯ ಕಾಲಬಳಿ ನೆಲದ ಮೇಲೆ ಕೂತುಬಿಟ್ಟರು. ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಕಾಕಾ ಕೊನೆಗೆ, “ಕಂದೀಲ ತರ್ರಿ ಹಂಗಾದ್ರ,” ಎಂದು ತಲೆಯ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಅವಳು ಬಂದಾಗ ಮುಖ ಗುರುತು ಹತ್ತುವಷ್ಟು ಮಾತ್ರ ಬೆಳಕಿತ್ತು. ಚಪ್ಪಲಿ ಬಿಟ್ಟು ಬಂದು ಅವರ ತಲೆಯ ಬಳಿ ಕೂತಳು. ಯಾರೂ ಅವಸರ ಮಾಡಲಿಲ್ಲ. ಅವಳು ತಾನಾಗಿ ಎದ್ದ ಮೇಲೆ ಎತ್ತಿದರು.

ಈಗ ಮಧ್ಯಾಹ್ನ ನಾನೊಬ್ಬಳೇ. ತರಕಾರಿಯವಳ ಜೊತೆ, ಗ್ಯಾಸಿನವನ ಜೊತೆ, ಪಕ್ಕದ ಮನೆಯವರ ಜೊತೆ ಮರಾಠಿ ಆಡಿ ಸಾಯಂಕಾಲವಾಗುತ್ತದೆ. ಮಗಳು ಫೋನ್ ಮಾಡಿದಾಗ ಮೊದಲಿಗೆ “ಊಟ ಆತೇನ ಮಮ್ಮಿ?” ಎನ್ನುತ್ತಾಳೆ. ನಾನು ಕನ್ನಡದಲ್ಲಿ ಒಂದಿಷ್ಟು ಉದ್ದಕ್ಕೆ ಹೇಳಹೋದರೆ ಅವಳಿಗೆ ತಿಳಿಯದು, ಇಬ್ಬರೂ ಮರಾಠಿಗೆ ಹೊರಳುತ್ತೇವೆ. ಫೋನ್ ಇಟ್ಟ ಮೇಲೆ, ಹೇಳಬೇಕೆಂದುಕೊಂಡಿದ್ದ ಮಾತು ಬಾಯಲ್ಲೇ ಉಳಿದಿರುತ್ತದೆ. ಅದನ್ನು ನುಂಗಿಕೊಂಡು ಎದ್ದು ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತುತ್ತೇನೆ.