ವಿಲಾಯತಿಯಲ್ಲಿ ಅಣ್ಣ ಉಂಡ ಊಟ

ಅಣ್ಣನನ್ನು ವಿಲಾಯತಿಯಲ್ಲಿ ಓದಿಸಲು ಏನು ಖರ್ಚಾಯಿತು ಎಂದು ಆದವಾನಿಯ ಹತ್ತಿ ವ್ಯಾಪಾರಸ್ಥರೆಲ್ಲ ಅಪ್ಪನನ್ನು ಕೇಳುತ್ತಿದ್ದರು. ಪೆದ್ದಕಡುಬೂರಿನ ಎರೆಹೊಲ ಮಾರಿದ್ದು, ಹತ್ತಿ ಬಿಡಿಸುವ ಜಿನ್ನಿನ ಪಾಲು ಬಿಟ್ಟುಕೊಟ್ಟದ್ದು, ಎಲ್ಲವನ್ನೂ ಅಪ್ಪ ಹೇಳುತ್ತಿದ್ದ. ಅವ್ವನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನನಗೆ ಈಗಲೂ ಅದಕ್ಕೆ ಸಿಟ್ಟು ಬರುತ್ತದೆ. ಹೊಲ ಹೋದರೆ ಇನ್ನೊಂದು ಹೊಲ ಬಂದೀತು, ಹೆತ್ತವಳು ಬರುತ್ತಾಳೆಯೇ?

ಅಪ್ಪ ಹತ್ತಿ ವ್ಯಾಪಾರಿ. ನಮ್ಮ ಹತ್ತಿಯ ಬೇಲುಗಳು ರೈಲಿನಲ್ಲಿ ಮುಂಬಯಿಗೆ, ಅಲ್ಲಿಂದ ಹಡಗಿಗೆ ಹೋಗುತ್ತಿದ್ದವು. "ನಮ್ಮ ಹತ್ತಿನೇ ಅರಿವಿ ಆಗಿ ತಿರುಗಿ ಬರತೈತಿ. ನಡುವ ಏನು ಮಾಡ್ತಾರಂತ ನನ್ನ ಮಗ ನೋಡ್ಕೊಂಡು ಬರಲಿ," ಎಂದು ಅಪ್ಪ ಅಣ್ಣನನ್ನು ಬಟ್ಟೆ ಗಿರಣಿಯ ವಿದ್ಯೆ ಕಲಿಯಲು ಹಡಗು ಹತ್ತಿಸಿದ. ಎರಡು ವರ್ಷದ ಓದು. ಯುದ್ಧ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲ ಪತ್ರವೇ ಕೆಟ್ಟದ್ದು ತಂದಿತು. ಅವ್ವನಿಗೆ ಓದು ಬರುತ್ತಿರಲಿಲ್ಲ, ನಾನೇ ಓದಿದೆ. ಹಡಗಿನಲ್ಲಿ ವಾಂತಿ ಬಂದು ಅಣ್ಣ ಕಟಾಂಜನದ ಮೇಲೆ ಬಗ್ಗಿದ್ದಾನೆ, ಕೊರಳಿನ ಶಿವದಾರ ಹರಿದು ಲಿಂಗ ಸಮುದ್ರಕ್ಕೆ ಬಿದ್ದಿದೆ. ನಮ್ಮವರಲ್ಲಿ ಎಳೆಗೂಸಿಗೂ ಲಿಂಗ ಕಟ್ಟುತ್ತಾರೆ. ಅದು ಮೈಮೇಲೆ ಇಲ್ಲದೆ ಒಂದು ಗುಟುಕು ನೀರೂ ಕುಡಿಯುವಂತಿಲ್ಲ. ಅವ್ವ ಗೋಡೆ ಹಿಡಿದು ಕೂತುಬಿಟ್ಟಳು.

ಅಪ್ಪ ಹೊಸ ಲಿಂಗವನ್ನು ಪಾರ್ಸೆಲ್ ಮಾಡುತ್ತೇನೆಂದು ಹೊರಟರೆ ನಮ್ಮ ಮನೆಯ ಗುರುಗಳಾದ ಅಯ್ಯನವರು ತಲೆ ಅಲ್ಲಾಡಿಸಿದರು. "ಲಿಂಗ ಗುರುವಿನ ಕೈಯಿಂದ ಬರಬೇಕು, ಟಪಾಲಿನವನ ಕೈಯಿಂದ ಬರಂಗಿಲ್ಲ. ಹುಡುಗ ತಿರುಗಿ ಬರಲಿ, ನಾನ ಕಟ್ಟತೀನಿ."

"ಅಲ್ಲೀತನ ಅವ ಉಪವಾಸ ಇರಬೇಕೇನ್ರಿ?" ಎಂದಳು ಅವ್ವ.

"ಹುಚ್ಚಿ, ಅವ ಉಣ್ತಾನ. ಅಲ್ಲಿ ಚಳಿ ಐತಿ, ಓದೋದೈತಿ, ಉಣ್ಣದ ಇದ್ರ ಸಾಯ್ತಾನ," ಎಂದ ಅಪ್ಪ.

"ಉಣ್ಣಲಿ, ಬ್ಯಾಡನ್ನಂಗಿಲ್ಲ. ಲಿಂಗಿಲ್ಲದ ಉಂಡ ಪಾಪ ಅವಗ ತಟ್ಟಬಾರದು. ಅವ ಅಲ್ಲಿ ಉಂಡಿದ್ದನ್ನ ನಾ ಇಲ್ಲಿ ಬಿಡತೀನಿ."

ಅಂದಿನಿಂದ ಅವ್ವ ರಾತ್ರಿಯ ಊಟ ಬಿಟ್ಟಳು. ನನ್ನಿಂದ ಆಣೆಯನ್ನೂ ಮಾಡಿಸಿಕೊಂಡಳು. "ಇದನ್ನ ಅವಗ ಬರದಿ ಅಂದ್ರ ನನ್ನ ಹೆಣ ನೋಡ್ತಿ." ಅಪ್ಪನದೂ ಅದೇ ಮಾತು: "ಮನಿ ಸುದ್ದಿ ಬರೀಬ್ಯಾಡ್ರಿ, ಓದು ಕೆಡತೈತಿ." ಓದು! ಆ ಓದಿಗೆ ಬೆಂಕಿ ಹಾಕಬೇಕಿತ್ತು.

ಅವ್ವ ಪ್ರತಿ ಪತ್ರದಲ್ಲೂ ನನ್ನಿಂದ ಬರೆಸುತ್ತಿದ್ದದ್ದು ಒಂದೇ, ಏನು ಉಣ್ಣುತ್ತಿ ಎಂದು. ಅಣ್ಣ ಬರೆದ: ದಿನಕ್ಕೆ ನಾಲ್ಕು ಹೊತ್ತು ತಿನ್ನುತ್ತೇನೆ, ಚಿಂತೆ ಬೇಡ. ಅವ್ವ ಕೇಳಿ ಮುಖ ಅರಳಿಸಿದಳು, ಓಣಿಗೆಲ್ಲ ಹೇಳಿ ಬಂದಳು. ಮರುದಿನದಿಂದ ಮುಂಜಾನೆಯ ರೊಟ್ಟಿಯನ್ನೂ ಬಿಟ್ಟಳು.

ಅಷ್ಟರಲ್ಲಿ ಯುದ್ಧ ಶುರುವಾಗಿ ಅಣ್ಣ ಅಲ್ಲೇ ಸಿಕ್ಕಿಬಿದ್ದ. ಪತ್ರ ಬರುವುದು ಅಪರೂಪವಾಯಿತು. ಬಂದದ್ದರಲ್ಲೆಲ್ಲ ಊಟದ ವರ್ಣನೆಯೇ: ಹೊಟ್ಟೆ ಬಂದಿದೆ, ಅಂಗಿಗಳೆಲ್ಲ ಬಿಗಿಯಾಗಿವೆ, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತೇನೆ. ಅವ್ವ ಮಧ್ಯಾಹ್ನದ ರೊಟ್ಟಿಯನ್ನೂ ಬಿಟ್ಟು ಒಂದು ಬಟ್ಟಲು ಅಂಬಲಿಗೆ ಇಳಿದಳು. ನಮಗೆಲ್ಲ ರೊಟ್ಟಿ ಬಡಿದು ಬಿಸಿಬಿಸಿ ಹಾಕುತ್ತಿದ್ದಳು, ತಾನು ಒಲೆಯ ಮುಂದೆ ಸುಮ್ಮನೆ ಕೂಡುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಪಕ್ಕದ ಮನೆಯ ತೆಲುಗಿನಾಕೆ "ಇದೇಂ ವ್ರತಮಮ್ಮಾ!" ಎಂದು ಬಾಯಿ ಬಡಿದುಕೊಂಡಳು. ಅಪ್ಪ ಬೈದ, ಬೇಡಿಕೊಂಡ, ಒಮ್ಮೆ ತನ್ನ ತಟ್ಟೆಯನ್ನೇ ಎತ್ತಿ ಒಗೆದ.

"ಯವ್ವಾ, ನೀ ಸತ್ರ ಅವ ಬಂದು ಯಾರ ಮುಖ ನೋಡಬೇಕು?" ಎಂದು ನಾನೂ ಜಗಳಾಡಿದೆ.

"ಸಾಯಂಗಿಲ್ಲ ಬಿಡು. ಮಗ ಅಲ್ಲಿ ತುಂಬಿಕೊಂಡಾನಂತ ಕೇಳಿದ್ರ ನನ್ನ ಹೊಟ್ಟಿ ತುಂಬತೈತಿ," ಎಂದು ನಕ್ಕಳು.

ಒಂದು ಬೇಸಿಗೆ ಜ್ವರ ಬಂತು. ಆ ವರ್ಷ ಊರಲ್ಲಿ ಎಲ್ಲರಿಗೂ ಬಂದ ಜ್ವರವೇ, ಎಲ್ಲರೂ ಎದ್ದರು. ಅವ್ವ ಏಳಲಿಲ್ಲ. "ತಡಕೊಳ್ಳಾಕ ಮೈಯಾಗ ಏನೂ ಉಳದಿಲ್ಲ," ಎಂದರು ಡಾಕ್ಟರು. ಕೊನೆಯ ಸ್ನಾನ ಮಾಡಿಸಲು ಎತ್ತಿದಾಗ ನನ್ನೊಬ್ಬಳ ಕೈಗೇ ಬಂದಳು. ಅವ್ವ ಜ್ವರದಿಂದ ಹೋದಳು ಎಂದಷ್ಟೇ ಅಪ್ಪ ಅಣ್ಣನಿಗೆ ಬರೆಸಿದ.

ಯುದ್ಧ ಮುಗಿದ ಮೇಲೆ ಅಣ್ಣ ಬಂದ. ಸ್ಟೇಷನ್ನಿನಲ್ಲಿ ನನಗೆ ಅವನ ಗುರುತೇ ಸಿಗಲಿಲ್ಲ. ಕೋಟು ಹೆಗಲಿನಿಂದ ಜೋತಾಡುತ್ತಿತ್ತು, ಕೆನ್ನೆಗಳು ಒಳಗೆ ಹೋಗಿದ್ದವು. ಹಡಗಿನ ಪ್ರಯಾಣ ಹಾಗೆ ಮಾಡಿರಬೇಕು ಎಂದುಕೊಂಡೆವು. ಅವ್ವನ ಸಮಾಧಿಗೆ ಹೋಗಿ ಅತ್ತು ಬಂದ. ಅಯ್ಯನವರು ಲಿಂಗ ಕಟ್ಟಿದರು. ಆಮೇಲೆ ಅಪ್ಪನ ಪಕ್ಕ ಊಟಕ್ಕೆ ಕೂತ. ನಾನು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ತಲೆ ಎತ್ತದೆ ಉಂಡ, ಮತ್ತೆ ಹಾಕಿಸಿಕೊಂಡ.

"ಖರೇ ಹೇಳ್ಲೇನು?" ಎಂದ. "ಯುದ್ಧ ಶುರುವಾದ ಮ್ಯಾಲ ನಾ ಹೊಟ್ಟಿ ತುಂಬ ಉಂಡಿದ್ದು ಇವತ್ತ. ನಿಮ್ಮ ರೊಕ್ಕ ತಿಂಗಳಾನಗಟ್ಲೆ ಮುಟ್ಟತಿರಲಿಲ್ಲ. ಬೆಣ್ಣಿ, ಸಕ್ಕರಿ ಎಲ್ಲಾ ರೇಷನ್ನು. ನಾ ಮಾಂಸ ಮುಟ್ಟಂಗಿಲ್ಲ. ಎಷ್ಟೋ ದಿನ ಬರೇ ಚಾ ಕುಡದು ಮಲಗೀನಿ. ಅವ್ವಗ ಗೊತ್ತಾದ್ರ ಊಟಾ ಬಿಡ್ತಾಳಂತ ಹೆದರಿ ಬೆಣ್ಣಿ ಹಚ್ಚಿ ತಿಂತೀನಿ, ಹೊಟ್ಟಿ ಬಂದೈತಿ ಅಂತೆಲ್ಲಾ ಸುಳ್ಳು ಬರೀತಿದ್ದೆ. ಪಾಪ, ಕೇಳಿ ಖುಷಿಪಟ್ಟಿರಬೇಕು, ಹೌದಿಲ್ಲೋ?"

ಅಪ್ಪನ ಕೈ ನಿಂತಿತು. ತಟ್ಟೆ ತೊಳೆದ ನೀರನ್ನೂ ಪ್ರಸಾದವೆಂದು ಚೆಲ್ಲದೆ ಕುಡಿಯುವ ಮನುಷ್ಯ, ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದು ಹಿತ್ತಲಿಗೆ ಹೋದ.

"ಅಪ್ಪಗ ಏನಾತು ತಂಗಿ?" ಎಂದ ಅಣ್ಣ.

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

"ಏನಿಲ್ಲಣ್ಣ. ನೀ ಉಣ್ಣು."