ರಾಗ್ನಾಳ ಬಲೆಯಂಗಿ

ನಮ್ಮ ಕಣಿವೆಯ ಬೇಟೆಗಾರರ ಸಂಘ ತನ್ನ ಎಪ್ಪತ್ತೈದನೆಯ ವರ್ಷದ ನೆನಪಿಗೆ ಹೊರತಂದ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಒಂದು ಚಿತ್ರವಿದೆ. ದಾರಿಯ ತಿರುವಿನಲ್ಲಿ ಸೊಂಟದೆತ್ತರದ ಒಂದು ಚಪ್ಪಟೆ ಬಂಡೆ. ಕೆಳಗೆ ಹೀಗೆ ಬರೆದಿದೆ: ‘ಬ್ರೆಕ್ಕೆಯ ವಿಶ್ರಾಂತಿ ಬಂಡೆ. ಬೇಟೆಗಾರರು ಇಲ್ಲಿ ದಣಿವಾರಿಸಿಕೊಳ್ಳುವುದು ವಾಡಿಕೆ.’

ಇದು ಶುದ್ಧ ಸುಳ್ಳು. ನಾನು ಮೂವತ್ತೆಂಟು ವರ್ಷ ಭೂಮಾಪನ ಇಲಾಖೆಯಲ್ಲಿ ದುಡಿದವನು. ನಾವು ಬೇಟೆಗೆ ಹೊರಡುವ ಬ್ರೆಕ್ಕೆ ಮನೆಯ ಹೊಸ್ತಿಲಿನಿಂದ ಆ ಬಂಡೆಗೆ ಆರುನೂರ ನಲವತ್ತು ಮೀಟರ್, ಅದೂ ಸಮತಟ್ಟು ದಾರಿ. ಏರು ಶುರುವಾಗುವುದೇ ಅಲ್ಲಿಂದಾಚೆಗೆ. ಎಂಟು ನಿಮಿಷ ನಡೆದು ದಣಿಯುವ ಗಂಡಸರು ನಮ್ಮ ತಂಡದಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಸಂಪಾದಕರಿಗೆ ಎರಡು ಪತ್ರ ಬರೆದೆ. ಉತ್ತರ ಬಂದಿಲ್ಲ.

ಬೇಟೆಗಾರರು ಅಲ್ಲಿ ನಿಲ್ಲುವುದು ಅಂಗಿ ಬಿಚ್ಚುವುದಕ್ಕೆ. ನಿಲ್ಲಿಸಿದವಳು ರಾಗ್ನಾ ಬ್ರೆಕ್ಕೆ. ಇಡೀ ಪುಸ್ತಕದಲ್ಲಿ ಅವಳ ಹೆಸರು ಒಮ್ಮೆಯೂ ಬಂದಿಲ್ಲ. ಕಳೆದ ಫೆಬ್ರವರಿಯಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಆದುದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಪಾಲಿನ ಕೆಲಸವಾಗಿದೆ.

ರಾಗ್ನಾ ಪಶ್ಚಿಮ ಕರಾವಳಿಯ ಮೀನುಗಾರರ ಮನೆಯ ಹೆಣ್ಣು. ೧೯೬೧ರಲ್ಲಿ ನನ್ನ ಗೆಳೆಯ ತಾರ್ಯೈಯನ್ನು ಮದುವೆಯಾಗಿ ಬ್ರೆಕ್ಕೆಗೆ ಬಂದಳು. ಹರಿದ ಬಲೆಗಳನ್ನು ಹೆಣೆದು ಪಳಗಿದ ಅವಳ ಬೆರಳುಗಳು ಕೆಲಸವಿಲ್ಲದಾಗಲೂ ಮೇಜಿನಂಚಿನ ಮೇಲೆ ಗಂಟು ಹಾಕುತ್ತಿರುವಂತೆ ಆಡುತ್ತಿದ್ದವು. ಆ ಮನೆಯಲ್ಲಿ ಹೆಣಿಗೆಯ ಅಧಿಕಾರ ಅತ್ತೆ ಗ್ರೂ ಅವರದು. ಗ್ರೂ ತಮ್ಮದೇ ಕುರಿಗಳ ಉಣ್ಣೆಯಿಂದ ಒಳಅಂಗಿ ಹೆಣೆದು, ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ಕಂಬಳಿಯಷ್ಟು ದಪ್ಪ ಮಾಡುತ್ತಿದ್ದರು. ಗಾಳಿ ಅದರೊಳಗೆ ನುಗ್ಗುತ್ತಿರಲಿಲ್ಲ. ಬೆವರು ಹೊರಗೂ ಹೋಗುತ್ತಿರಲಿಲ್ಲ.

ಮನೆಯಾಕೆ ಹೆಣೆದದ್ದನ್ನು ಬಾಗಿಲಲ್ಲೇ ತೊಟ್ಟು ಹೊರಡುವುದು ನಮ್ಮಲ್ಲಿನ ಪದ್ಧತಿ. ಕಿಟಕಿಯಲ್ಲಿ ಅವಳು ನಿಂತಿರುವಾಗ ಅದನ್ನು ಬಿಚ್ಚಿ ಚೀಲಕ್ಕೆ ತುರುಕುವುದೆಂದರೆ ಬಡಿಸಿದ ಊಟವನ್ನು ಅವಳೆದುರೇ ಉಗಿದಂತೆ. ಹಾಗಾಗಿ ನಾವೆಲ್ಲರೂ ಇದ್ದ ಉಣ್ಣೆಯನ್ನೆಲ್ಲ ಹೇರಿಕೊಂಡು ನಾನೂರ ಎಂಬತ್ತು ಮೀಟರ್ ಏರುತ್ತಿದ್ದೆವು. ಮೇಲೆ ತಲುಪುವಷ್ಟರಲ್ಲಿ ಮೈಯೆಲ್ಲ ತೊಯ್ದಿರುತ್ತಿತ್ತು. ಆಮೇಲೆ ಕಾಡು ಹಿಮಸಾರಂಗದ ಹಿಂಡಿಗಾಗಿ ಕಲ್ಲಿನ ಮರೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದೆವು.

೧೯೬೪ರಲ್ಲಿ ಹಾಗೆ ಕೂತ ತಾರ್ಯೈಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯಲ್ಲಿ ನಲವತ್ತೊಂದು ದಿನ ಕಳೆದ. ಇನ್ನೊಮ್ಮೆ ಒದ್ದೆ ಮೈಯಲ್ಲಿ ಚಳಿಗೆ ಕೂತರೆ ಎಡ ಶ್ವಾಸಕೋಶ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದರು. ಮರುವರ್ಷ ಅವನು ಬೆಟ್ಟಕ್ಕೆ ಬರಲಿಲ್ಲ. ಸತತ ಎರಡು ವರ್ಷ ತಪ್ಪಿಸಿಕೊಂಡವನ ಜಾಗ ಬೇರೆಯವರಿಗೆ ಹೋಗಬೇಕೆಂಬುದು ತಂಡದ ನಿಯಮ. ಅವನ ತಂದೆ, ತಾತ ಕೂತ ಕಲ್ಲಿನ ಮರೆ ಅದು. ೧೯೬೬ರಲ್ಲಿ ಹೋದರೆ ಜೀವಕ್ಕೆ ಭಯ, ಹೋಗದಿದ್ದರೆ ಆ ಜಾಗ ಶಾಶ್ವತವಾಗಿ ಕೈಬಿಡುತ್ತದೆ.

ಆ ಬೇಸಿಗೆಯಲ್ಲಿ ರಾಗ್ನಾ ತೆಳು ಉಣ್ಣೆಯ ನೂಲಿನಲ್ಲಿ ಒಂದು ಅಂಗಿ ಹೆಣೆದಳು. ಹೆಬ್ಬೆರಳು ತೂರುವಷ್ಟು ದೊಡ್ಡ ತೂತುಗಳು. ಅವಳ ಊರಿನ ಮುದುಕರು ಹಳೆಯ ಬಲೆಯ ತುಂಡನ್ನು ಅಂಗಿಯೊಳಗೆ ಸುತ್ತಿಕೊಂಡು ದೋಣಿ ಏರುತ್ತಿದ್ದರಂತೆ. ದುಡಿಯುವಾಗ ಬೆವರು ತೂತುಗಳಿಂದ ಆರಿಹೋಗುತ್ತದೆ, ಮೇಲೊಂದು ದಪ್ಪ ಅಂಗಿ ತೊಟ್ಟರೆ ಅದೇ ತೂತುಗಳಲ್ಲಿ ಮೈಯ ಬಿಸಿ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ತಂಡದ ಯಜಮಾನ ಗ್ರೆಗಾರ್ ಕಾಫಿಗೆ ಬಂದವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಏನಮ್ಮಾ ರಾಗ್ನಾ, ಸಾರಂಗಾನ ಗುಂಡು ಹೊಡೆದು ಹಿಡಿಯೋದಾ, ಬಲೆ ಬೀಸಿ ಹಿಡಿಯೋದಾ?”

“ನಿನ್ನಂಥೋರು ಸಿಕ್ಕಿಹಾಕ್ಕೊಳ್ಳೋಕೆ ಈ ಬಲೆ ಸಾಕು, ಗ್ರೆಗಾರ್.”

ಗ್ರೂ ಒಲೆಯ ಕಡೆಯಿಂದ ತಿರುಗಿಯೂ ನೋಡದೆ ಹೇಳಿದರು: “ತೂತಿಂದ ಯಾರಿಗಾದ್ರೂ ಬೆಚ್ಚಗಾಗುತ್ತೇನು? ನನ್ನ ಮಗ ನಾನು ಹೆಣೆದದ್ದನ್ನೇ ಹಾಕ್ಕೊಂಡು ಹೋಗ್ತಾನೆ.”

ಸೆಪ್ಟೆಂಬರ್ ಒಂಬತ್ತು, ಶುಕ್ರವಾರ, ಬೆಳಿಗ್ಗೆ ಆರೂವರೆ. ಅಂಗಳದಲ್ಲಿ ಎರಡು ಡಿಗ್ರಿ. ನಾನೇ ನೋಡಿ ಬರೆದುಕೊಂಡದ್ದು. ನಾವು ಐವರು ಬಾಗಿಲಲ್ಲಿದ್ದೆವು. ತಾರ್ಯೈ ಮೈಗೆ ಬಲೆಯಂಗಿ ತೊಟ್ಟಿದ್ದ. ಅದರ ಮೇಲೆ ಗ್ರೂ ತಮ್ಮ ದಪ್ಪ ಅಂಗಿ ತೊಡಿಸಿ, ಮೇಲಿನ ಗುಂಡಿಯೊಂದನ್ನು ಬಿಟ್ಟು ಉಳಿದವನ್ನು ತಾವೇ ಹಾಕಿದರು. ಯಾವಾಗಲೂ ಹಾಗೆಯೇ ಅವರು ಹಾಕುತ್ತಿದ್ದದ್ದು. ಬಳಿಕ ಕಿಟಕಿಗೆ ಹೋಗಿ ನಿಂತರು.

ನಾವು ತಿರುವಿನ ಬಂಡೆಯನ್ನು ತಲುಪುವಷ್ಟರಲ್ಲಿ ಹಿಂದಿನಿಂದ ರಾಗ್ನಾ ಓಡಿಬಂದಳು. ಕೈಯಲ್ಲಿ ಕಾಫಿಯ ಫ್ಲಾಸ್ಕ್.

“ನೀನಿದನ್ನ ಮರೆತು ಹೋದೆ ಅಂತ ನಿನ್ನ ಅಮ್ಮನಿಗೆ ಹೇಳಿದೀನಿ. ಇಲ್ಲಿಗೆ ಕಿಟಕಿ ಕಾಣಲ್ಲ. ಬಿಚ್ಚು.”

“ಇಲ್ಲೇನೆ? ಇವರೆಲ್ಲರ ಎದುರಿಗಾ?” ಎಂದ ತಾರ್ಯೈ.

“ನಲವತ್ತೊಂದು ದಿನ ದಾದಿಯರ ಎದುರಿಗೆ ಬಿಚ್ಚಿದ್ಯಲ್ಲ, ಇವರೇನು ಹೆಚ್ಚು? ಬಲೆ, ಅದರ ಮೇಲೆ ತೆಳು ಜಾಕೆಟ್. ಹತ್ತೋಕೆ ಅಷ್ಟು ಸಾಕು. ಅತ್ತೆ ಅಂಗಿ ಒಣಗಿದ್ದ ಹಾಗೇ ಚೀಲದಲ್ಲಿರಲಿ. ಮೇಲೆ ಹೋಗಿ ಕೂತ ಮೇಲೆ ಹಾಕ್ಕೋ.”

“ಈಗಲೇ ನಡುಗ್ತಿದೀನಿ ಕಣೇ.”

“ನಡುಗ್ಬೇಕು. ಹೊರಡೋವಾಗ ಬೆಚ್ಚಗಿದ್ದೋನು ಕೂತಾಗ ಹೆಪ್ಪುಗಟ್ತಾನೆ.”

ಗ್ರೆಗಾರ್ ಬಂಡೆಗೆ ಒರಗಿ ನಗುತ್ತಿದ್ದ. ರಾಗ್ನಾ ಅವನತ್ತ ತಿರುಗಿ “ನೀನೂ ಬಿಚ್ಚು” ಎಂದಳು. ನಗು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಒಂದೊಂದು ಉಣ್ಣೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಕೊನೆಗೆ ಅವಳು ನನ್ನ ಕೊರಳಪಟ್ಟಿಗೆ ಬೆರಳು ತೂರಿಸಿ ನೋಡಿದಳು.

“ಐವಿನ್, ಇದು ಹತ್ತಿ. ಒದ್ದೆಯಾದ್ರೆ ಒಣಗಲ್ಲ. ಇದನ್ನ ಈ ಬಂಡೆ ಮೇಲೆ ಬಿಟ್ಟು ಹೋಗು.”

ನಾನು ಇಪ್ಪತ್ನಾಲ್ಕರ ಸರ್ಕಾರಿ ನೌಕರ. ಇಸ್ತ್ರಿ ಮಾಡಿದ ಹತ್ತಿಯ ಒಳಅಂಗಿ ನನ್ನ ಅಭಿಮಾನದ ವಸ್ತು. ಉಣ್ಣೆ ಮೈಗೆ ಚುಚ್ಚುತ್ತದೆಂಬುದು ನನ್ನ ವಾದ. ನಾನೊಬ್ಬನೇ ಬಿಚ್ಚಲಿಲ್ಲ.

ಎರಡೂವರೆ ಗಂಟೆ ಏರಿ ಮೇಲೆ ತಲುಪಿದೆವು. ತಾರ್ಯೈ ತನ್ನ ತಂದೆಯ ಕಲ್ಲಿನ ಮರೆಯಲ್ಲಿ ಕೂತು, ಜಾಕೆಟ್ ತೆಗೆದು, ತಾಯಿಯ ದಪ್ಪ ಅಂಗಿಯನ್ನು ಬಲೆಯ ಮೇಲೆ ತೊಟ್ಟು, ಮತ್ತೆ ಜಾಕೆಟ್ ಹಾಕಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಹಿಮಮಿಶ್ರಿತ ಮಳೆ ಅಡ್ಡಡ್ಡ ಬೀಸತೊಡಗಿತು. ಐದು ಗಂಟೆ ಕೂತಿದ್ದೆವು. ನಾನು ಅವನ ಪಕ್ಕದಲ್ಲಿದ್ದು ಅವನ ಕೆಮ್ಮಿಗಾಗಿ ಕಿವಿಗೊಟ್ಟಿದ್ದೆ. ಕೆಮ್ಮು ಬರಲಿಲ್ಲ. ಕಟಕಟನೆ ಸದ್ದು ಮಾಡುತ್ತಿದ್ದದ್ದು ನನ್ನ ಹಲ್ಲುಗಳು. ಮಧ್ಯಾಹ್ನ ಎರಡರ ಸುಮಾರಿಗೆ ಹಿಂಡು ಬಂತು. ಮುಂದಿದ್ದ ದೊಡ್ಡ ಗಂಡು ನನ್ನ ಗುರಿಯದು. ತೋರುಬೆರಳು ಮಡಿಸಲು ನೋಡಿದೆ; ಅದು ಮಡಚಿಕೊಳ್ಳಲಿಲ್ಲ. ತಾರ್ಯೈ ನನ್ನ ಮುಖ ನೋಡಿ, ಬಂದೂಕು ಎತ್ತಿ, ಒಂದೇ ಗುಂಡಿಗೆ ಅದನ್ನು ಕೆಡವಿದ. ಬಳಿಕ ಕಾಫಿಯ ಲೋಟವನ್ನು ನನ್ನ ತುಟಿಗೆ ಅವನೇ ಹಿಡಿಯಬೇಕಾಯಿತು. ಪುಸ್ತಕದ ನಲವತ್ತನೆಯ ಪುಟ ಆ ಗುಂಡನ್ನು ನನ್ನ ಹೆಸರಿಗೆ ಬರೆದಿದೆ. ಅದೂ ತಪ್ಪು.

ಸಂಜೆ ಬ್ರೆಕ್ಕೆಗೆ ಇಳಿದೆವು. ಗ್ರೂ ಬಾಗಿಲಲ್ಲೇ ಮಗನನ್ನು ತಡೆದು, ಅಂಗಿಯ ಹಿಂಬದಿಯಿಂದ ಕೈ ತೂರಿಸಿ ಬೆನ್ನು ಮುಟ್ಟಿ ನೋಡಿದರು. ಅಂಗೈ ಹೊರತೆಗೆದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಅದು ಒಣಗಿತ್ತು. ಅಷ್ಟರಲ್ಲಿ ಅವರ ಕಣ್ಣು ಬಿಚ್ಚಿದ್ದ ಜಾಕೆಟ್ಟಿನ ನಡುವೆ ಅವನ ಎದೆಯ ಮೇಲೆ ಬಿತ್ತು.

“ಮೇಲಿನ ಗುಂಡಿ ನಾನು ಹಾಕಿರಲಿಲ್ಲ. ಇದನ್ನ ಬಿಚ್ಚಿ ಹಾಕ್ಕೊಂಡಿದೀಯ.”

ತಾರ್ಯೈ ನೆಲ ನೋಡಿದ. ಗ್ರೆಗಾರ್ ತನ್ನ ಬೂಟಿನ ದಾರವನ್ನು ಪರೀಕ್ಷಿಸತೊಡಗಿದ. ಒಲೆಯ ಬಳಿಯಿದ್ದ ರಾಗ್ನಾ ಮುಂದೆ ಬಂದಳು.

“ನಾನೇ ಬಿಚ್ಚಿಸಿದ್ದು, ಅತ್ತೆ. ಬಂಡೆ ಹತ್ರ. ನಿಮಗೆ ಸುಳ್ಳು ಹೇಳಿ ಹೋಗಿದ್ದೆ.”

ಗ್ರೂ ಒಳಗೆ ಹೋದರು. ನಾವು ಒದ್ದೆ ಬೂಟುಗಳಲ್ಲಿ ಹಾಗೇ ನಿಂತಿದ್ದೆವು. ಅವರು ಹೊರಬಂದಾಗ ಕೈಯಲ್ಲಿ ನೂಲಿನ ಉಂಡೆಯೂ ಮನೆಯಲ್ಲಿದ್ದ ಅತಿ ದಪ್ಪ ಹೆಣಿಗೆ ಕಡ್ಡಿಗಳೂ ಇದ್ದವು. ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

“ಬಾ, ಕೂತ್ಕೋ. ತೂತು ಎಷ್ಟು ದೊಡ್ಡದಿರ್ಬೇಕು ಅಂದೆ?” ಬಳಿಕ ನನ್ನತ್ತ ಗದ್ದ ಎತ್ತಿ, “ಮೊದಲು ಆ ನಡುಗ್ತಿರೋನಿಗೆ ಒಂದು ಮಾಡೋಣ” ಎಂದರು.

ನನಗಾದ ಬಲೆಯಂಗಿಯ ಎಡಭಾಗ ಸೊಸೆ ಹೆಣೆದದ್ದು, ಬಲಭಾಗ ಅತ್ತೆ ಹೆಣೆದದ್ದು. ಬಲಗಡೆಯ ತೂತುಗಳು ಕೊಂಚ ಚಿಕ್ಕವು. ತಾರ್ಯೈ ಆಮೇಲೆ ಇಪ್ಪತ್ತೊಂಬತ್ತು ಶರತ್ಕಾಲ ಆ ಕಲ್ಲಿನ ಮರೆಯಲ್ಲಿ ಕೂತ. ಪ್ರತಿ ಸಲವೂ ನಾವೆಲ್ಲ ಆ ಬಂಡೆಯ ಬಳಿ ನಿಂತು ಉಣ್ಣೆ ಬಿಚ್ಚಿಯೇ ಏರಿದೆವು. ಆ ಬಲೆಯಂಗಿ ಇಂದಿಗೂ ನನ್ನ ಬಳಿಯಿದೆ. ಸಂಪಾದಕರು ಬಂದು ಅಳೆದು ನೋಡಬಹುದು.