ನಲವತ್ತೆರಡು ಬಾಗಿಲುಗಳ ಬೀಗ

ಎರಡು ದೊಡ್ಡ ರಸ್ತೆಗಳು ಸೇರುವ ಮೂಲೆಯಲ್ಲಿ ಮೂರಂತಸ್ತಿನ ಹಳೆಯ ಅಂಗಡಿ ಕಟ್ಟಡವೊಂದಿತ್ತು. ಅದಕ್ಕೆ ನಲವತ್ತೆರಡು ಬಾಗಿಲು. ಅಷ್ಟೂ ಬಾಗಿಲುಗಳ ಬೀಗ ನೋಡಿಕೊಳ್ಳುತ್ತಿದ್ದವನು ಒಬ್ಬನೇ. ಅವನು ಕೂರುತ್ತಿದ್ದದ್ದು ಮರದ ಮೆಟ್ಟಿಲ ಕೆಳಗೆ. ಒಂದು ಸ್ಟೂಲು, ಒಂದು ಮೇಜು, ಬೀಗವನ್ನು ಕಚ್ಚಿ ಹಿಡಿಯಲು ಮೇಜಿಗೆ ಬಿಗಿದ ವೈಸು, ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುವ ಅರಗಳು, ಇಷ್ಟೇ ಅವನ ಅಂಗಡಿ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಗಲುತ್ತಿತ್ತು. ಮೂವತ್ತೊಂದು ವರ್ಷ ಬಗ್ಗಿಯೇ ಎದ್ದು ಬಗ್ಗಿಯೇ ಕೂತವನು ಬೀದಿಯಲ್ಲೂ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದ. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು.

ಅವನದು ಮಾತು ಕಡಿಮೆ. ಯಾರಾದರೂ ಕೆಟ್ಟ ಬೀಗ ತಂದು ಮೇಜಿನ ಮೇಲಿಟ್ಟರೆ ಒಮ್ಮೆ ತಿರುಗಿಸಿ ನೋಡಿ ಬೆರಳು ತೋರಿಸುತ್ತಿದ್ದ. ಒಂದು ಬೆರಳೆಂದರೆ ಒಂದು ಗಂಟೆ ಬಿಟ್ಟು ಬನ್ನಿ, ಎರಡೆಂದರೆ ಎರಡು ಗಂಟೆ.

"ನಮ್ಮನೆಯವರು ಊರಿನ ಬೀಗ ಎಲ್ಲಾ ತೆಗೀತಾರೆ, ತಮ್ಮ ಬಾಯಿದು ಮಾತ್ರ ಕೀ ಕಳ್ಕೊಂಡಿದ್ದಾರೆ" ಎಂದು ಅವನ ಹೆಂಡತಿ ನೆರೆಯವರ ಮುಂದೆ ನಗುತ್ತಿದ್ದಳು.

ಅವಳ ತಂದೆಯೇ ಅವನಿಗೆ ಕೆಲಸ ಕಲಿಸಿದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬಂದವನು ಅದೇ ಮೆಟ್ಟಿಲ ಕೆಳಗೆ ಅವರಿಗೆ ಶಿಷ್ಯನಾದ, ಆಮೇಲೆ ಅಳಿಯನಾದ. ಕಟ್ಟಡ ಕಟ್ಟಿಸಿದವರು ಎಲ್ಲ ಬೀಗಗಳನ್ನೂ ಹಿತ್ತಾಳೆಯಲ್ಲಿ ಒಟ್ಟಿಗೇ ಮಾಡಿಸಿದ್ದರು. ಒಂದೊಂದಕ್ಕೆ ಒಂದೊಂದು ಕೀಲಿ. ಜೊತೆಗೆ ಅಷ್ಟನ್ನೂ ತೆಗೆಯುವ ದೊಡ್ಡ ಕೀಲಿ ಬೇರೆ. ಸ್ಕ್ರೂಗಳಿಗೂ ಕೈಯಲ್ಲೇ ಸುತ್ತು ಕೊರೆದಿದ್ದರಿಂದ ಒಂದರಂತೆ ಇನ್ನೊಂದಿರಲಿಲ್ಲ.

"ಬೀಗ ಬಿಚ್ಚಿದ್ರೆ ಅದರ ಸ್ಕ್ರೂನೂ ಅದರ ಜೊತೇಲೇ ಗಂಟು ಕಟ್ಟು, ಬಾಗಿಲ ನಂಬರ್ ಬರಿ" ಎಂದು ಮಾವ ಹೇಳಿಕೊಟ್ಟಿದ್ದರು. "ಒಬ್ಬರ ಹಲ್ಲುಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುತ್ತಾ?"

ಮಾವ ತೀರಿಕೊಂಡ ಮೇಲೆ ದೊಡ್ಡ ಕೀಲಿ ಅಳಿಯನ ಸೊಂಟಕ್ಕೆ ಬಂತು. ಬೀಗ ಸವೆದರೆ ಒಳಗಿನ ಸ್ಪ್ರಿಂಗು ಬದಲಿಸುತ್ತಿದ್ದನೇ ಹೊರತು ಬೀಗವನ್ನೇ ಎಂದೂ ಬದಲಿಸಲಿಲ್ಲ.

ಆ ವರ್ಷ ಕಟ್ಟಡದ ಯಜಮಾನನಿಗೆ ಅದನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸುವ ಆಸೆ ಹುಟ್ಟಿತು. ಅಂಗಡಿಯವರೆಲ್ಲ ಸೇರಿ, ಇದನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ ಎಂದು ನಗರಸಭೆಗೆ ಅರ್ಜಿ ಕೊಟ್ಟರು. ಪಟ್ಟಿಗೆ ಸೇರಿದರೆ ಯಾರೂ ಕೆಡವುವಂತಿಲ್ಲ. ಸೇರದಿದ್ದರೆ ಅಂಗಡಿಯವರಿಗೆ ಇನ್ನೊಂದು ಕಡೆ ಅಂಗಡಿ ಸಿಕ್ಕೀತು, ಮೆಟ್ಟಿಲ ಕೆಳಗಿನವನಿಗೆ ಇನ್ನೊಂದು ಮೆಟ್ಟಿಲು ಎಲ್ಲಿಂದ ಸಿಗಬೇಕು?

"ಹೊಸ ಕಟ್ಟಡದಲ್ಲಿ ಲಿಫ್ಟು ಇರುತ್ತಂತೆ ಬೀಗದಣ್ಣ, ಅದರ ಕೆಳಗೆ ಕೂತ್ಕೋತೀಯಾ?" ಎಂದು ಟೀ ಅಂಗಡಿಯವನು ಕೇಳಿದ. ಬೀಗದಣ್ಣ ನಕ್ಕ. ಆದರೆ ಅವತ್ತು ಟೀ ಅರ್ಧಕ್ಕೇ ಬಿಟ್ಟು ಎದ್ದ.

ಬುಧವಾರ ನಗರಸಭೆಯ ಅಧಿಕಾರಿ ಪರಿಶೀಲನೆಗೆ ಬರುತ್ತಾರೆಂದು ಕಾಗದ ಬಂತು. ಅಂಗಡಿಯವರ ಮುಖಂಡರಾದ ಬಟ್ಟೆ ಅಂಗಡಿ ಸಾಹುಕಾರರು ಎಲ್ಲರನ್ನೂ ಸೇರಿಸಿದರು.

"ಮನೆಗೆ ನೆಂಟರು ಬರ್ತಾರೆ ಅಂದ್ರೆ ಮುಖ ತೊಳೀದೆ ನಿಲ್ತೀವಾ? ಮೆಟ್ಟಿಲ ಕಟಕಟೆಗೆ ಬಣ್ಣ ಹೊಡ್ಸೋಣ. ಕೆಳಗಿನ ಹದಿನಾಲ್ಕು ಬಾಗಿಲಿಗೆ ಹೊಳೆಯೋ ಸ್ಟೀಲ್ ಬೀಗ ಹಾಕ್ಸೋಣ. ಬೀಗದಣ್ಣ, ಭಾನುವಾರ ಮುಗಿಸಿಬಿಡು."

ಬೇಡ ಎನ್ನಲು ಬೀಗದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಎಲ್ಲರೂ ಬಣ್ಣ ಯಾವುದೆಂಬ ಜಗಳಕ್ಕೆ ಬಿದ್ದಿದ್ದರು. ಭಾನುವಾರ ಇಡೀ ದಿನ ಕೂತು ಹದಿನಾಲ್ಕು ಹಿತ್ತಾಳೆ ಬೀಗಗಳನ್ನು ಬಿಚ್ಚಿದ, ಸ್ಟೀಲಿನವನ್ನು ಹಾಕಿದ.

ಬುಧವಾರ ಬಂದ ಅಧಿಕಾರಿ ಕನ್ನಡಕದ ಹೆಂಗಸು. ಮೆಟ್ಟಿಲ ಕಟಕಟೆ ಹಿಡಿದರು. ಕೈಗೆ ಹಸಿರು ಬಣ್ಣ ಮೆತ್ತಿಕೊಂಡಿತು. ಸಾಹುಕಾರರು ಓಡಿಹೋಗಿ ಬಟ್ಟೆ ಚೂರು ತಂದುಕೊಟ್ಟರು.

"ಇದನ್ನ ಕೆರೆದು ತೆಗೀಬಹುದು, ಬಿಡಿ" ಎಂದ ಆಕೆ ಬಾಗಿಲುಗಳ ಕಡೆ ತಿರುಗಿದರು. ಒಂದನ್ನು ನೋಡಿದರು, ಎರಡನ್ನು ನೋಡಿದರು. "ಹಳೇ ಬೀಗ ಎಲ್ಲಿ ಸಾರ್? ಕಮಾನು, ಕಂಬ ಈ ಊರಲ್ಲಿ ಬೇಕಾದಷ್ಟಿವೆ. ಕಟ್ಟಿದ ದಿನದ ಬೀಗ ಎಲ್ಲಾ ಬಾಗಿಲಲ್ಲೂ ಇನ್ನೂ ಕೆಲಸ ಮಾಡ್ತಿರೋದು ಇಲ್ಲಿ ಮಾತ್ರ ಅಂತ ನಮ್ಮ ಕಡತದಲ್ಲಿದೆ. ಅದನ್ನ ನೋಡೋಕೆ ಅಂತಲೇ ನಾನು ಬಂದಿದ್ದು."

ಸಾಹುಕಾರರ ಮುಖ ಸುಣ್ಣದಂತಾಯಿತು. "ನಿಮಗೆ ಚೆನ್ನಾಗಿ ಕಾಣ್ಲಿ ಅಂತ..."

"ಗುಜರಿಗೆ ಹಾಕಿಬಿಟ್ರಾ?"

ಬೀಗಗಳು ಏನಾದವೆಂದು ಅವರಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಆಕೆ ಪೆನ್ನಿನ ಮುಚ್ಚಳ ತೆಗೆದರು. ಮೆಟ್ಟಿಲ ಕೆಳಗಿದ್ದ ಬೀಗದಣ್ಣ ಅವಸರದಲ್ಲಿ ನೆಟ್ಟಗೆ ಎದ್ದ, ತಲೆ ಮೆಟ್ಟಿಲಿಗೆ ಬಡಿಯಿತು. ಆ ಸದ್ದಿಗೆ ಎಲ್ಲರೂ ತಿರುಗಿದರು.

"ಇವೆ ಅಮ್ಮ" ಎಂದ. "ನನ್ನ ಹತ್ರಾನೇ ಇವೆ."

ತಗಡಿನ ಪೆಟ್ಟಿಗೆ ಎಳೆದು ತಂದು ಮುಚ್ಚಳ ತೆಗೆದ. ಒಳಗೆ ಹದಿನಾಲ್ಕು ಬಟ್ಟೆ ಗಂಟು, ಒಂದೊಂದರ ಮೇಲೂ ಬಾಗಿಲ ನಂಬರು. ಒಂಬತ್ತನೆಯದನ್ನು ಬಿಚ್ಚಿ ಒಂಬತ್ತನೇ ಬಾಗಿಲ ಮುಂದೆ ಕೂತ. ಸ್ಟೀಲ್ ಬೀಗ ತೆಗೆದು ಹಿತ್ತಾಳೆಯದನ್ನು ಕೂರಿಸಿದ. ಒಂದೊಂದು ಸ್ಕ್ರೂವೂ ತನ್ನ ತೂತು ಹಿಡಿಯಿತು. ಸೊಂಟದ ದೊಡ್ಡ ಕೀಲಿ ತೆಗೆದು ಆಕೆಗೆ ಕೊಟ್ಟ. ಆಕೆ ತಿರುಗಿಸಿದರು. ಬೀಗ ಕಟಕ್ ಎಂದು ತೆರೆಯಿತು.

ಆಕೆ ಮುಚ್ಚಿದರು, ಮತ್ತೆ ತೆರೆದರು. ನಾಲ್ಕು ಸಲ.

"ಉಳಿದ ಹದಿಮೂರೂ ಸಂಜೆಯೊಳಗೆ ಕೂರುತ್ತಾ?"

ಬೀಗದಣ್ಣ ಅಭ್ಯಾಸಬಲದಿಂದ ಬೆರಳು ತೋರಿಸಿದ. ಐದು.

"ಐದು ಗಂಟೆ ಅಂತೆ ಮೇಡಂ" ಎಂದು ಟೀ ಅಂಗಡಿಯವನು ಅನುವಾದಿಸಿದ. ಆಕೆ ನಕ್ಕರು. ಐದು ಗಂಟೆ ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ಬರೆದುಕೊಂಡರು. ಗಂಟಿನ ವಿಷಯ ಕೇಳಿದಾಗ ಅವನು ಮಾವನ ಹಲ್ಲುಸೆಟ್ಟಿನ ಮಾತನ್ನು ಹೇಳಿದ. ಅದನ್ನೂ ಬರೆದುಕೊಂಡರು. ಹೋಗುವಾಗ, "ನಿಮ್ಮ ಜಾಗಕ್ಕೆ ಯಾವ ಬೀಗ?" ಎಂದು ಕೇಳಿದರು.

"ಬಾಗಿಲೇ ಇಲ್ವಲ್ಲಮ್ಮ" ಎಂದ.

ಮೂರು ವಾರ ಕಳೆದು ನಗರಸಭೆಯ ಆದೇಶ ಬಂತು. ಕಟ್ಟಡ ಪಟ್ಟಿಗೆ ಸೇರಿತ್ತು. ಸಾಹುಕಾರರು ಎರಡು ಸಲ ಗಟ್ಟಿಯಾಗಿ ಓದಿದರು. ಬೀಗದಣ್ಣ ಸ್ಟೂಲಿನ ಮೇಲೆ ಕೂತು ಬೆನ್ನನ್ನು ಗೋಡೆಗೆ ಒರಗಿಸಿದ. ತಲೆಯ ಮೇಲೆ ಯಾರೋ ಮೆಟ್ಟಿಲು ಹತ್ತಿದರು. ಹೆಜ್ಜೆಯ ಭಾರದಿಂದಲೇ ಎರಡನೇ ಮಹಡಿಯ ದರ್ಜಿ ಎಂದು ಅವನಿಗೆ ಗೊತ್ತಾಯಿತು. ಇಷ್ಟು ದಿನ ಆ ಸದ್ದನ್ನು ಇನ್ನೆಷ್ಟು ದಿನವೋ ಎಂದು ಎಣಿಸುತ್ತಾ ಕೇಳುತ್ತಿದ್ದ. ಈಗ ಸುಮ್ಮನೆ ಕೇಳಿದ.

ಆಮೇಲೆ ಬಿಚ್ಚಿಟ್ಟಿದ್ದ ಸ್ಟೀಲ್ ಬೀಗಗಳನ್ನು ಮುಂದಕ್ಕೆಳೆದುಕೊಂಡು, ಸ್ಕ್ರೂ ಸಮೇತ ಬಟ್ಟೆಯಲ್ಲಿ ಸುತ್ತತೊಡಗಿದ.

"ಅಯ್ಯೋ, ಅದನ್ನೂ ಗಂಟು ಕಟ್ತೀಯಲ್ಲೋ" ಎಂದರು ಸಾಹುಕಾರರು. ಅವರ ಕೈಯಲ್ಲಿ ಕಟಕಟೆಯ ಬಣ್ಣ ಕೆರೆಯುವ ಉಪ್ಪುಕಾಗದವಿತ್ತು.

"ಅವತ್ತು ಕಟ್ಟಿದ್ದೇ ಒಳ್ಳೇದಾಯ್ತಲ್ಲ ಸಾಹುಕಾರ್ರೇ" ಎಂದು ಬೀಗದಣ್ಣ ಗಂಟಿನ ಮೇಲೆ ನಂಬರು ಬರೆದ.